ಕೈ ಕೆಸರಾದರೆ ಬಾಯಿ ಮೊಸರು = ನೋ ಪೇನ್, ನೋ ಗೇನ್?

ಕನ್ನಡ ಗಾದೆಗಳನ್ನು ಇಂಗ್ಲಿಷಿಗೆ ತರುವ ವಿಷಯದಲ್ಲಿ ನನ್ನದೊಂದು ತಕರಾರಿದೆ. ಬಹಳ ದಿನದಿಂದ ಮನಸ್ಸಿನಲ್ಲೇ ಕುದಿಯುತ್ತಿತ್ತು, ಇವತ್ತು ಬರೆದೇ ಬಿಡೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ಕಾಫಿ ಪಕ್ಕದಲ್ಲಿಟ್ಟುಕೊಂಡೇ ಓದಿ :-)

ತಕರಾರು ಇಷ್ಟೇ. ನಾವು ಗಾದೆಯನ್ನು ಅನುವಾದ ಮಾಡುವುದೇ ಇಲ್ಲ. ಅದನ್ನು ಎಬ್ಬಿಸಿ ಕಳಿಸಿ, ಆ ಜಾಗದಲ್ಲಿ ಇಂಗ್ಲಿಷಿನವರ ಇನ್ಯಾವುದೋ ಗಾದೆಯನ್ನು ತಂದು ಕೂರಿಸುತ್ತೇವೆ. ಅದಕ್ಕೆ 'ಸಮಾನಾರ್ಥಕ' ಅಂತ ಹೆಸರು ಬೇರೆ!

ನಮ್ಮ ಮೈಸೂರಿನಲ್ಲಿ ಶಾಲಾ ಪುಸ್ತಕ ಮಾರುವ ಅಂಗಡಿಗಳಲ್ಲಿ ಹುಡುಕಿದರೆ ಗಾದೆಗಳ ಪುಟ್ಟ ಪುಸ್ತಕ ಒಂದಾದರೂ ಸಿಗುತ್ತದೆ. ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್. ಒಳಗೆ ಇಂಥವು ಇರುತ್ತವೆ:

ಹಾಸಿಗೆ ಇದ್ದಷ್ಟು ಕಾಲು ಚಾಚು - ಕಟ್ ಯುವರ್ ಕೋಟ್ ಅಕಾರ್ಡಿಂಗ್ ಟು ಯುವರ್ ಕ್ಲಾತ್.
ಕುಣಿಯಲಾರದವಳು ನೆಲ ಡೊಂಕು ಅಂದಳಂತೆ - ಎ ಬ್ಯಾಡ್ ವರ್ಕ್‌ಮನ್ ಬ್ಲೇಮ್ಸ್ ಹಿಸ್ ಟೂಲ್ಸ್.
ಹಿತ್ತಲ ಗಿಡ ಮದ್ದಲ್ಲ - ಫೆಮಿಲಿಯಾರಿಟಿ ಬ್ರೀಡ್ಸ್ ಕಂಟೆಂಪ್ಟ್.
ಕೈ ಕೆಸರಾದರೆ ಬಾಯಿ ಮೊಸರು - ನೋ ಪೇನ್, ನೋ ಗೇನ್.

ಸಮಾನಾರ್ಥಕವೇ ಇರಬಹುದು. ಆದರೆ ಒಂದೊಂದನ್ನೂ ಸ್ವಲ್ಪ ನಿಂತು ನೋಡಿ.

ಹಾಸಿಗೆಯ ಗಾದೆಯಲ್ಲಿ ಒಬ್ಬ ಬಡವ ಮಲಗಿದ್ದಾನೆ. ರಾತ್ರಿ, ತಣ್ಣನೆ ನೆಲ, ಚಾಪೆ ಗಿಡ್ಡ. ಕಾಲು ಮಡಚಿಕೊಂಡರೆ ನಿದ್ದೆ, ಚಾಚಿದರೆ ಚಳಿ. ಇಂಗ್ಲಿಷಿನಲ್ಲಿ ಇರುವುದು ದರ್ಜಿಯ ಅಂಗಡಿ, ಕೋಟು ಹೊಲಿಸಲು ಬಂದ ಗಿರಾಕಿ. ಬಟ್ಟೆ ಸಾಲದಿದ್ದರೆ ಗಿಡ್ಡ ಕೋಟು ಹೊಲಿಸಿಕೊಂಡಾನು, ಅಷ್ಟೇ.

ಕುಣಿಯಲಾರದವಳ ಗಾದೆಯಲ್ಲಂತೂ ಒಂದು ಸಣ್ಣ ನಾಟಕವೇ ನಡೆಯುತ್ತಿದೆ. ಹೆಜ್ಜೆ ತಪ್ಪಿತು, ನಾಲ್ಕು ಜನ ನಕ್ಕರು, ಹುಡುಗಿ ಒಂದು ಕ್ಷಣವೂ ತಡಬಡಾಯಿಸದೆ "ನೆಲಾನೇ ಡೊಂಕು" ಅಂದುಬಿಟ್ಟಳು! ಎಂಥ ಧೈರ್ಯ ನೋಡಿ. ಇಂಗ್ಲಿಷಿನ ಕೆಲಸಗಾರ ಮೇಷ್ಟರ ಮುಂದೆ ನಿಂತ ಹುಡುಗನ ಹಾಗೆ ಪೆಚ್ಚಾಗಿ ನಿಂತಿದ್ದಾನೆ, ನಗುವೇ ಇಲ್ಲ.

ಇನ್ನು ಹಿತ್ತಲ ಗಿಡ. ಆ ಇಂಗ್ಲಿಷ್ ಮಾತು ಸಲಿಗೆಯಿಂದ ಸದರ ಬೆಳೆಯುತ್ತದೆ ಅನ್ನುತ್ತದೆ. ನಮ್ಮ ಗಾದೆಯ ಸಂಕಟವೇ ಬೇರೆ. ಹಿತ್ತಲಲ್ಲೇ ದೊಡ್ಡಪತ್ರೆ, ತುಳಸಿ, ಅಮೃತಬಳ್ಳಿ ಬೆಳೆದುಕೊಂಡು ನಿಂತಿವೆ. ಮನೆಯವರು ಕೆಮ್ಮಿಗೆ ಔಷಧಿ ತರಲು ಪೇಟೆಗೆ ಹೋಗುತ್ತಾರೆ. ಕೈಯಳತೆಯಲ್ಲಿರುವ ಒಳ್ಳೆಯದು ಕಣ್ಣಿಗೇ ಬೀಳುವುದಿಲ್ಲ ಅನ್ನುವ ಮಾತು ಇದು. ಗಾದೆಗಳ ಅನುವಾದದ ಕಥೆಯೂ ಇದೇ ಅಲ್ಲವೇ? ನಮ್ಮ ಹಿತ್ತಲಲ್ಲಿ ಬೆಳೆದದ್ದನ್ನು ಬಿಟ್ಟು ಇಂಗ್ಲಿಷಿನವರ ಅಂಗಡಿಯಿಂದ ಬಾಟಲಿ ತರುತ್ತೇವೆ.

*

"ಅಯ್ಯೋ ಬಿಡಿ ಸಾರ್, ಅರ್ಥ ಆದರೆ ಸಾಕಲ್ಲ" ಅನ್ನುವವರಿದ್ದಾರೆ. ಅವರಿಗೆ ಒಂದು ಮನೆಯ ಮಾತು ಹೇಳಬೇಕು.

ಸರಸ್ವತೀಪುರಂನಲ್ಲಿರುವ ನಮ್ಮ ನೆಂಟರೊಬ್ಬರ ಮನೆಗೆ ಬೇಸಿಗೆಯಲ್ಲಿ ಅಮೆರಿಕದಿಂದ ಮೊಮ್ಮಗ ಬರುತ್ತಾನೆ. ಹತ್ತು ವರ್ಷದವನು, ಕನ್ನಡ ಅಷ್ಟಿಷ್ಟು ಅರ್ಥವಾಗುತ್ತದೆ. ಒಂದು ಸಲ ಕ್ರಿಕೆಟ್ಟಿನಲ್ಲಿ ಔಟಾಗಿ ಬಂದು ಬ್ಯಾಟು ಸರಿಯಿಲ್ಲ ಅಂತ ಬೈಯುತ್ತಿದ್ದ. ಅಜ್ಜಿ ಸೊಪ್ಪು ಸೋಸುತ್ತಾ ಕೂತಲ್ಲಿಂದಲೇ "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ" ಅಂದರು. ಏನು ಅಂತ ಹುಡುಗ ತಾಯಿಯನ್ನು ಕೇಳಿದ. ಆಕೆ ಆ ಕೆಲಸಗಾರ ಮತ್ತು ಹತಾರಗಳ ಇಂಗ್ಲಿಷ್ ಗಾದೆಯನ್ನು ಒಪ್ಪಿಸಿದಳು. ಹುಡುಗ ಸಹಜವಾಗಿ "ಓ, ಅದು ನಮ್ಮ ಸ್ಕೂಲಲ್ಲೂ ಇದೆ. ಅಜ್ಜಿ ಇಂಗ್ಲಿಷ್ ಪ್ರಾವರ್ಬನ್ನ ಕನ್ನಡಕ್ಕೆ ಟ್ರಾನ್ಸ್‌ಲೇಟ್ ಮಾಡಿದ್ರಾ?" ಅಂದ.

ಅವನ ತಪ್ಪೇನೂ ಇಲ್ಲ. ಅವನಿಗೆ ಸಿಕ್ಕಿದ್ದೇ ಅಷ್ಟು. ಅಜ್ಜಿ ಕಣ್ಣ ಮುಂದೆ ಕುಣಿಸಿದ ಹುಡುಗಿ ಅವನ ತನಕ ತಲುಪಲೇ ಇಲ್ಲ.

ನನಗೆ ಭಯವಾಗುವುದು ಇಲ್ಲಿಯೇ. ಪ್ರತಿ ಕನ್ನಡ ಗಾದೆಗೂ ಒಂದು ಸಿದ್ಧ ಇಂಗ್ಲಿಷ್ ಗಾದೆ ಕೊಡುತ್ತಾ ಹೋದರೆ, ಮಗುವಿಗೆ ಉಳಿಯುವ ಪಾಠ ಒಂದೇ: ಅಜ್ಜಿಯ ಹತ್ತಿರ ಇರುವುದೆಲ್ಲ ಇಂಗ್ಲಿಷಿನಲ್ಲಿ ಆಗಲೇ ಇದೆ, ಇನ್ನೂ ಚೆನ್ನಾಗಿಯೇ ಇದೆ. ಅಂದಮೇಲೆ ಅಜ್ಜಿಯ ಭಾಷೆ ಕಲಿತು ಆಗಬೇಕಾದ್ದೇನು? ಇದು ಅಮೆರಿಕದ ಮಕ್ಕಳ ಕಷ್ಟ ಮಾತ್ರ ಅಂದುಕೊಳ್ಳಬೇಡಿ. ಕುವೆಂಪುನಗರದಲ್ಲಿ, ವಿಜಯನಗರದಲ್ಲಿ ಇಂಗ್ಲಿಷ್ ಮೀಡಿಯಮ್ಮಿಗೆ ಹೋಗುವ ಮಕ್ಕಳೂ ಗಾದೆಯನ್ನು ಪರೀಕ್ಷೆಯ ವಸ್ತುವಾಗಿಯೇ ನೋಡುತ್ತಿದ್ದಾರೆ. 'ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ' ಅಂದ ತಕ್ಷಣ 'ವೇದ ಸುಳ್ಳಾದರೂ ಗಾದೆ ಸುಳ್ಳಾಗದು' ಅಂತ ಶುರು ಮಾಡುವುದು ನಿಮಗೂ ಗೊತ್ತಲ್ಲ. ಮಾತಿನ ನಡುವೆ ಚುಚ್ಚಲು ಇದ್ದ ಸೂಜಿ ಉತ್ತರಪತ್ರಿಕೆಯಲ್ಲಿ ಅಂಕಕ್ಕೆ ಬಿದ್ದಿದೆ.

*

ಹಾಗಾದರೆ ಪದಕ್ಕೆ ಪದ ಇಟ್ಟುಬಿಡೋಣವೇ?

'ಇಫ್ ಹ್ಯಾಂಡ್ ಬಿಕಮ್ಸ್ ಮಡ್, ಮೌತ್ ಬಿಕಮ್ಸ್ ಕರ್ಡ್.' ಯಾರೋ ಮಂತ್ರವಾದಿ ಶಾಪ ಕೊಟ್ಟ ಹಾಗಿದೆ! ಓದಿದವರಿಗೆ ಕೆಸರು ಗದ್ದೆಯದು ಅಂತಲೂ ಗೊತ್ತಾಗುವುದಿಲ್ಲ, ಮೊಸರು ಯಾಕೆ ಬಂತು ಅಂತಲೂ ಗೊತ್ತಾಗುವುದಿಲ್ಲ. ಆಮೇಲೆ ಕೆಳಗೆ ಅಡಿಟಿಪ್ಪಣಿ. ವಿವರಿಸಿ ಹೇಳಬೇಕಾದ ಗಾದೆ ವಿವರಿಸಿ ಹೇಳಿದ ಜೋಕಿನ ಹಾಗೆ, ಯಾರಿಗೂ ಬೇಡ.

ಪದಶಃ ಅರ್ಥಕ್ಕೂ ಒಂದು ಜಾಗ ಇದೆ, ಇಲ್ಲವೆನ್ನುವುದಿಲ್ಲ. ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟೆಲ್ 1894ರಲ್ಲಿ ಮಂಗಳೂರಿನಿಂದ ಪ್ರಕಟವಾದ ತಮ್ಮ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಪದಗಳ ಬಳಕೆ ತೋರಿಸಲು ಗಾದೆಗಳನ್ನು ಧಾರಾಳವಾಗಿ ಬಳಸಿಕೊಂಡರು. ನಿಘಂಟು ನೋಡುವವನಿಗೆ ಪದ ಹೇಗೆ ನಿಂತಿದೆ ಅನ್ನುವುದು ಮುಖ್ಯ, ಅಲ್ಲಿ ಪದಶಃ ಅರ್ಥವೇ ಸರಿ. ಆದರೆ ನಿಘಂಟಿನಲ್ಲಿ ಗಾದೆ ಮ್ಯೂಸಿಯಮ್ಮಿನ ಚಿಟ್ಟೆಯ ಹಾಗೆ ಪಿನ್ನಿಗೆ ಸಿಕ್ಕಿಕೊಂಡಿರುತ್ತದೆ. ನನಗೆ ಹಾರುವ ಚಿಟ್ಟೆ ಬೇಕು.

ನನ್ನ ಪ್ರಕಾರ ಗಾದೆಯ ಅನುವಾದ ಪಾಸಾಗಬೇಕಾದ ಪರೀಕ್ಷೆ ಮೂರು. ಒಂದು, ಮೂಲದ ಚಿತ್ರ ಉಳಿದಿರಬೇಕು. ಎರಡು, ಜಗಳದ ಮಧ್ಯೆ ಒಂದೇ ಉಸಿರಿನಲ್ಲಿ ಅಂದುಬಿಡುವ ಹಾಗಿರಬೇಕು. ಮೂರು, ಮೊದಲ ಸಲ ಕೇಳುವವನಿಗೂ ಸಂದರ್ಭದಿಂದ ಅರ್ಥವಾಗಬೇಕು. ಸಹಜವಾದ ಇಂಗ್ಲಿಷ್ ಅಂದರೆ ಇಂಗ್ಲಿಷಿನವರು ಆಗಲೇ ಹೇಳಿರುವ ಮಾತು ಅಂತ ಅರ್ಥವಲ್ಲ. ಇಂಗ್ಲಿಷಿನ ನಾಲಿಗೆಯ ಮೇಲೆ ಸಲೀಸಾಗಿ ಹೊರಳುವ ಹೊಸ ಮಾತೂ ಸಹಜವೇ.

ಇದು ಕನ್ನಡದವರ ಕಷ್ಟ ಮಾತ್ರ ಅಲ್ಲ. ನಾರ್ವೆಯವರಲ್ಲಿ ಒಂದು ಗಾದೆಯಿದೆ: ಕೆಟ್ಟ ಹವೆ ಅಂತ ಇಲ್ಲ, ಕೆಟ್ಟ ಬಟ್ಟೆ ಮಾತ್ರ ಇರುವುದು. ಅವರ ಭಾಷೆಯಲ್ಲಿ ಹವೆಗೆ 'ವ್ಯಾರ್', ಬಟ್ಟೆಗೆ 'ಕ್ಲ್ಯಾರ್'. ಎರಡೂ ಪ್ರಾಸ. ಸ್ವೀಡನ್ನಿನವರಲ್ಲೂ ಇದೇ ಗಾದೆ ಇದೇ ರೀತಿ ಪ್ರಾಸದಲ್ಲೇ ಇದೆ. ಇಂಗ್ಲಿಷಿಗೆ ಬಂದಾಗ ವೆದರ್, ಕ್ಲೋತ್ಸ್ ಅಂತಾಗಿ ಪ್ರಾಸ ಹೋಯಿತು. ಆದರೆ ಚಿತ್ರ ಉಳಿಯಿತು, ವಾಕ್ಯ ಚಿಕ್ಕದಾಗಿತ್ತು. ಹಾಗಾಗಿ ಈಗ ಇಂಗ್ಲಿಷಿನವರೂ ಅದನ್ನು ತಮ್ಮದೇ ಮಾತಿನ ಹಾಗೆ ಆಡುತ್ತಾರೆ. ಅದೇ ಸ್ವೀಡನ್ನಿನವರು ಅವಸರವೇನೂ ಇಲ್ಲ ಅನ್ನುವುದಕ್ಕೆ 'ಮಂಜುಗಡ್ಡೆಯ ಮೇಲೆ ಹಸು ಇಲ್ಲ' ಅನ್ನುತ್ತಾರೆ. ಹೆಪ್ಪುಗಟ್ಟಿದ ಕೆರೆಯ ಮೇಲೆ ಹಸು ಕಾಲಿಟ್ಟರೆ ತಾನೇ ಓಡಬೇಕಾದ್ದು. ಇದನ್ನು 'ಡೋಂಟ್ ವರಿ' ಅಂತ ಅನುವಾದ ಮಾಡಿದರೆ ಅರ್ಥ ಬಂತು, ಹಸು ಹೋಯಿತು. ಹಸು ಹೋದಮೇಲೆ ಸ್ವೀಡನ್ನೂ ಹೋಯಿತು.

ಇಂಗ್ಲಿಷಿಗೆ ಹೊರಗಿನ ಚಿತ್ರ ಹಿಡಿಸುವುದಿಲ್ಲ ಅನ್ನುವುದೂ ಸುಳ್ಳು. ಮರ್ಯಾದೆ ಹೋಗುವುದಕ್ಕೆ ಅವರು 'ಮುಖ ಕಳೆದುಕೊಳ್ಳುವುದು' ಅನ್ನುತ್ತಾರಲ್ಲ, ಅದು ಚೀನೀಯರಿಂದ ಬಂದದ್ದು. 'ಕಾಗದದ ಹುಲಿ'ಯೂ ಚೀನಾದ್ದೇ. ಹುಲಿ ಬಂದ ದಾರಿಯಲ್ಲಿ ನಮ್ಮ ಕೋಣವೂ ಕಿನ್ನರಿ ಕೇಳುತ್ತಾ ಹೋಗಬಹುದು :-)

*

ಸರಿ, ಮಾಡುವುದು ಹೇಗೆ?

ಮೊದಲು ಕಿವಿಗೆ ಸಂಬಂಧಿಸಿದ್ದು. ನಮ್ಮ ಗಾದೆಗಳಲ್ಲಿ ಪ್ರಾಸ ಎಲ್ಲಿ ಕೂತಿರುತ್ತದೆ ಗಮನಿಸಿದ್ದೀರಾ? ಕೆಸರು-ಮೊಸರು. ತಾಳಿದವನು-ಬಾಳಿಯಾನು. ಸಂಕಟ-ವೆಂಕಟ. 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' - ಇದರಲ್ಲಿ ಗಂಡ, ಹೆಂಡಿರ, ಉಂಡು, ಮೂರು ಸಲ. ಎಲ್ಲ ಕಡೆ ಮೊದಲಕ್ಷರ ಬೇರೆ, ಎರಡನೆಯ ಅಕ್ಷರದಿಂದ ಒಂದೇ ಸದ್ದು. ಹಳೆಗನ್ನಡ ಕವಿಗಳು ದ್ವಿತೀಯಾಕ್ಷರ ಪ್ರಾಸ ಅಂತ ಪಾಲಿಸುತ್ತಿದ್ದದ್ದು ಇದನ್ನೇ. ಛಂದಸ್ಸಿನ ಪುಸ್ತಕ ಮುಟ್ಟಿಯೂ ನೋಡದ ಅಜ್ಜಿಯರ ಬಾಯಲ್ಲಿ ಅದು ಉಪ್ಪಿನಕಾಯಿಯ ಹಾಗೆ ಇಳಿದುಕೊಂಡಿದೆ.

ಇಂಗ್ಲಿಷಿನ ರೂಢಿ ಬೇರೆ. ಅಲ್ಲಿ ಒಂದೋ ಪದದ ಮೊದಲ ಸದ್ದು ಹೊಂದುತ್ತದೆ: ಲುಕ್-ಲೀಪ್, ವಿಲ್-ವೇ, ಫರ್ಗಿವ್-ಫರ್ಗೆಟ್. ಇಲ್ಲವೇ ಬಾಲ ಹೊಂದುತ್ತದೆ: ಹೇಸ್ಟ್-ವೇಸ್ಟ್, ನೀಡ್-ಇಂಡೀಡ್. ಮೊದಲ ಸದ್ದು ಹೊಂದಿಸುವ ಚಾಳಿ ಆ ಭಾಷೆಗಳ ಮನೆತನದ್ದೇ. ಹಳೆಯ ಇಂಗ್ಲಿಷ್ ಪದ್ಯ, ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಪದ್ಯ, ಎರಡೂ ಕಟ್ಟಿಕೊಂಡಿರುವುದು ಅದರ ಮೇಲೆಯೇ. ಆದ್ದರಿಂದ ನಮ್ಮ ಪ್ರಾಸವನ್ನು ಇಂಗ್ಲಿಷಿನಲ್ಲೂ ಎರಡನೆಯ ಅಕ್ಷರದಲ್ಲೇ ಹುಡುಕುತ್ತಾ ಕೂರಬಾರದು. ತಲೆಯಿಂದ ತೆಗೆದು ಬಾಲಕ್ಕೋ, ಪದದ ಮೂತಿಗೋ ಕಟ್ಟಬೇಕು.

ಕೆಸರು-ಮೊಸರಿಗೆ ನಾನು ಮಾಡಿಕೊಂಡದ್ದು ಇದು: 'ಮಡ್ ಟು ದ ರಿಸ್ಟ್, ಕರ್ಡ್ ಟು ದ ಲಿಪ್ಸ್.' ಮಣಿಕಟ್ಟಿನ ತನಕ ಕೆಸರು, ತುಟಿಯ ತನಕ ಮೊಸರು. ಮಡ್ಡಿಗೂ ಕರ್ಡಿಗೂ ಕೊನೆ ಒಂದೇ, ರಿಸ್ಟಿಗೂ ಲಿಪ್ಸಿಗೂ ಒಂದು ನಂಟಿದೆ. ಕ್ರಿಯಾಪದವೇ ಇಲ್ಲ, ಹಾಗಾಗಿ ಒಂದೇ ಉಸಿರು. 'ಅಮೆರಿಕದಲ್ಲಿ ಮೊಸರಿಗೆ ಯೋಗರ್ಟ್ ಅನ್ನುತ್ತಾರಲ್ಲ' ಅನ್ನಬೇಡಿ. ನಮ್ಮ ಹೋಟೆಲುಗಳ ಮೆನುವಿನಲ್ಲಿ ಕರ್ಡ್ ರೈಸ್ ಅಂತಲೇ ಇರುವುದು, ನಮ್ಮ ಇಂಗ್ಲಿಷೂ ಇಂಗ್ಲಿಷೇ.

ಕೆಲವು ಗಾದೆಗಳಿಗೆ ಏನೂ ಮಾಡಬೇಕಾಗಿಯೇ ಇಲ್ಲ. 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.' 'ಎ ಇಯರ್ ಫಾರ್ ದ ಪಾಟರ್, ಎ ಮಿನಿಟ್ ಫಾರ್ ದ ಸ್ಟಿಕ್.' ಅದೇ ತೂಕ, ಅದೇ ಏಟು. ವರುಷ-ನಿಮಿಷದ ಪ್ರಾಸ ಹೋಯಿತು, ಆದರೆ ತಕ್ಕಡಿ ಸಮ ನಿಂತಿದೆ. 'ದೂರದ ಬೆಟ್ಟ ನುಣ್ಣಗೆ'ಯೂ ಹಾಗೆಯೇ. 'ದ ಫಾರ್ ಹಿಲ್ ಈಸ್ ಸ್ಮೂತ್' ಅಂದರೆ ಸಾಕು. ಚಾಮುಂಡಿ ಬೆಟ್ಟವನ್ನು ಕುಕ್ಕರಹಳ್ಳಿ ಕೆರೆ ಏರಿಯ ಮೇಲಿಂದ ನೋಡಿ, ಆಮೇಲೆ ಸಾವಿರ ಮೆಟ್ಟಿಲು ಹತ್ತಿದ ಯಾರಿಗಾದರೂ ಅದು ಯಾವ ಭಾಷೆಯಲ್ಲಿ ಹೇಳಿದರೂ ಅರ್ಥವಾಗುತ್ತದೆ. ಇದನ್ನು 'ಪಕ್ಕದವರ ಹುಲ್ಲು ಹಸಿರು' ಅನ್ನುವ ಇಂಗ್ಲಿಷ್ ಗಾದೆಗೆ ಬದಲಾಯಿಸುವುದು ಯಾಕೆ ಹೇಳಿ? ಅದರಲ್ಲಿ ಹೊಟ್ಟೆಕಿಚ್ಚಿದೆ. ನಮ್ಮದರಲ್ಲಿರುವುದು ಮಂಡಿನೋವು.

ಕಷ್ಟ ಬರುವುದು ಚಿತ್ರ ದಾಟಿದರೂ ಅರ್ಥ ಜಾರಿದಾಗ. 'ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ.' ಕೊಡೆಗೆ ಅಂಬ್ರೆಲಾ ಅಂತ ಬರೆದರೆ ಇಂಗ್ಲಿಷ್ ಓದುಗನಿಗೆ ಮಳೆ ನೆನಪಾಗುತ್ತದೆ. ಅರ್ಧರಾತ್ರಿ ಮಳೆ ಬಂದಿರಬೇಕು, ಕೊಡೆ ಹಿಡಿದ, ಪಾಪ ಅವನದೇನು ತಪ್ಪು? ನಮ್ಮ ಗಾದೆಯ ಕೊಡೆ ಮಳೆಯದಲ್ಲ. ಅದು ಬಿಸಿಲಿನದು, ದೊಡ್ಡಸ್ತಿಕೆಯದು. ರಾಜರ ತಲೆಯ ಮೇಲೆ ಶ್ವೇತಛತ್ರ ಹಿಡಿಯುತ್ತಿದ್ದ ಕಾಲದ್ದು. ಇಲ್ಲಿ ಒಂದೇ ಒಂದು ಪದ ಬದಲಾಯಿಸಿದರೆ ಸಾಕು, ಅಡಿಟಿಪ್ಪಣಿ ಬೇಡ: 'ಗಿವ್ ಎ ಸ್ಮಾಲ್ ಮ್ಯಾನ್ ಮನಿ ಅಂಡ್ ಹೀ ವಿಲ್ ಕ್ಯಾರಿ ಎ ಪ್ಯಾರಸಾಲ್ ಅಟ್ ಮಿಡ್‌ನೈಟ್.' ಪ್ಯಾರಸಾಲ್ ಅಂದರೆ ಬಿಸಿಲುಕೊಡೆ. ಮಳೆ ನಿಂತಿತು, ಡೌಲು ಬಂತು. ಕನ್ನಡದಲ್ಲಿ ಅಲ್ಪ, ಐಶ್ವರ್ಯ, ಅರ್ಧರಾತ್ರಿ ಸಾಲಾಗಿ ನಿಂತ ಹಾಗೆ ಇಂಗ್ಲಿಷಿನಲ್ಲಿ ಮ್ಯಾನ್, ಮನಿ, ಮಿಡ್‌ನೈಟ್ ನಿಂತವು.

ದೇವರು ಬಂದಾಗ ಇನ್ನೂ ಮಜಾ. 'ಸಂಕಟ ಬಂದಾಗ ವೆಂಕಟರಮಣ.' ಇದರ ಜೀವವೆಲ್ಲ ಆ 'ಂಕಟ'ದಲ್ಲಿದೆ. ವೆಂಕಟರಮಣನನ್ನು ಗಾಡ್ ಅಂತ ಮಾಡಿದರೆ ಹರಕೆ ಹೊತ್ತವನ ಮುಡಿಯೂ ಹೋಯಿತು, ಲಾಡೂ ಹೋಯಿತು. ಅವನ ಹೆಸರು ಇಂಗ್ಲಿಷಿನಲ್ಲಿ ಹೊಂದದಿದ್ದರೆ ಅವನ ಊರಿದೆಯಲ್ಲ: 'ಇನ್ ಟ್ರಬಲ್? ಆಫ್ ಟು ತಿರುಪತಿ.' ಟ್ರಬಲ್ಲಿಗೂ ತಿರುಪತಿಗೂ ಮೊದಲ ಸದ್ದು ಹತ್ತಿರ ಬಂತು. ತಿರುಪತಿ ಗೊತ್ತಿಲ್ಲದವನೂ ಅದು ಕಷ್ಟಕಾಲದಲ್ಲಿ ಓಡುವ ಜಾಗ ಅಂತ ಊಹಿಸಬಲ್ಲ.

ಪ್ರಾಸದ ಆಸೆ ಅತಿಯಾಗಲೂಬಾರದು. 'ತಾಳಿದವನು ಬಾಳಿಯಾನು'ವಿಗೆ 'ದೋಸ್ ಹೂ ಬೈಡ್, ಅಬೈಡ್' ಅನ್ನಬಹುದು. ಕಿವಿಗೆ ಇಂಪಾಗಿದೆ, ಆದರೆ ಇವತ್ತು ಯಾರ ಅಜ್ಜಿಯೂ ಹಾಗೆ ಮಾತಾಡುವುದಿಲ್ಲ. ಹಳೆಯ ಬೈಬಲ್ಲಿನ ವಾಸನೆ. ಎರಡನೆಯ ಪರೀಕ್ಷೆಯಲ್ಲೇ ಫೇಲು.

*

ವ್ಯಾಕರಣದಲ್ಲೂ ಒಂದು ಮಜಾ ಇದೆ. ನಮ್ಮ ಎಷ್ಟೋ ಗಾದೆಗಳ ಕೊನೆಗೆ 'ಅಂತೆ' ಇರುತ್ತದೆ. ನೆಲ ಡೊಂಕು ಅಂದಳಂತೆ, ಕೊಡೆ ಹಿಡಿದನಂತೆ. ಅಂದರೆ ನಾನು ನೋಡಿಲ್ಲ, ಯಾರೋ ಹೇಳಿದ್ದು, ನನ್ನನ್ನು ಹಿಡಿಯಬೇಡಿ ಅಂತ. ಸೊಸೆಗೆ ಚುಚ್ಚಬೇಕಾದ ಅತ್ತೆಗೂ, ಅತ್ತೆಗೆ ತಿರುಗಿಸಿ ಚುಚ್ಚಬೇಕಾದ ಸೊಸೆಗೂ ಈ 'ಅಂತೆ' ಎಷ್ಟು ಉಪಕಾರ ಮಾಡಿದೆ! ಇಂಗ್ಲಿಷಿನಲ್ಲಿ 'ಇಟ್ ಈಸ್ ಸೆಡ್ ದಟ್' ಅಂತ ಶುರು ಮಾಡಿದರೆ ಸರ್ಕಾರಿ ಪತ್ರದ ಹಾಗಾಗುತ್ತದೆ.

ಆದರೆ ಇಂಗ್ಲಿಷಿನಲ್ಲೇ ಇದಕ್ಕೊಂದು ಹಳೆಯ ಅಚ್ಚಿದೆ. ಡಿಕನ್ಸನ 1836-37ರ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯಲ್ಲಿ ಸ್ಯಾಮ್ ವೆಲ್ಲರ್ ಅನ್ನುವ ಸೇವಕ ಮಾತು ಮಾತಿಗೂ 'ಹೀಗಂದನಂತೆ ಇಂಥವನು, ಇಂಥದ್ದು ಮಾಡುವಾಗ' ಅನ್ನುತ್ತಿರುತ್ತಾನೆ. ಅಂಥ ಮಾತುಗಳಿಗೆ ಅವನಿಂದಲೇ ವೆಲ್ಲರಿಸಂ ಅಂತ ಹೆಸರು ಬಂತು. 'ಅವರವರ ರುಚಿ ಅವರವರಿಗೆ ಅಂದಳಂತೆ ಮುದುಕಿ, ಹಸುವಿಗೆ ಮುತ್ತಿಡುತ್ತಾ' ಅನ್ನುವ ಹಳೆಯ ಇಂಗ್ಲಿಷ್ ಮಾತು ಅದೇ ಜಾತಿಯದು. ಸ್ವೀಡನ್, ಡೆನ್ಮಾರ್ಕಿನ ಹಳ್ಳಿಗರ ಬಾಯಲ್ಲೂ 'ಅಂದಳು ಮುದುಕಿ' ಅಂತ ಮುಗಿಯುವ ಇಂಥವು ಬೇಕಾದಷ್ಟಿವೆ. ನಮ್ಮ 'ಅಂದಳಂತೆ'ಯನ್ನು ಸೀದಾ ಆ ಅಚ್ಚಿಗೆ ಹೊಯ್ಯಬಹುದು: 'ದ ಫ್ಲೋರ್ ಈಸ್ ಕ್ರೂಕೆಡ್, ಸೆಡ್ ದ ಗರ್ಲ್ ಹೂ ಕುಡಂಟ್ ಡ್ಯಾನ್ಸ್.' ಹುಡುಗಿ ವಾಪಸ್ ಬಂದಳು, ಜೊತೆಗೆ ಅವಳ ಕೊಬ್ಬೂ ಬಂತು!

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?' ಈ 'ಬಗ್ಗೀತೆ'ಯಲ್ಲಿ ಸಂಶಯವೂ ಇದೆ, ಸವಾಲೂ ಇದೆ. ಇಂಗ್ಲಿಷಿನಲ್ಲಿ ಅಂಥ ಒಂದೇ ಪದ ಇಲ್ಲ, ಆದರೆ ಪ್ರಶ್ನೆ ಇದೆ. ಪ್ರಶ್ನೆಯಾಗಿಯೇ ಉಳಿಸಿದರೆ ಸಾಕು. ಇದಕ್ಕೆ 'ಮುದಿ ನಾಯಿಗೆ ಹೊಸ ಆಟ ಕಲಿಸಲಾಗದು' ಅನ್ನುವ ಇಂಗ್ಲಿಷ್ ಗಾದೆ ಕೊಡುವವರು ಒಂದು ವಿಷಯ ಮರೆಯುತ್ತಾರೆ. ನಮ್ಮ ಗಾದೆ ಮಾತಾಡುತ್ತಿರುವುದು ಅಪ್ಪ ಅಮ್ಮಂದಿರ ಜೊತೆ, ಇನ್ನೂ ಹೊತ್ತಿದೆ ಈಗಲೇ ತಿದ್ದಿ ಅಂತ. ಆ ಗಾದೆ ಮುದುಕನನ್ನು ನೋಡಿ ಕೈಚೆಲ್ಲುತ್ತದೆ. ಸಮಾನ ಎಲ್ಲಿಂದ ಬಂತು?

*

ಇನ್ನೊಂದು ಮಾತು ಹೇಳಲೇಬೇಕು, ಸ್ವಲ್ಪ ಕಹಿ.

ನಮ್ಮ ಗಾದೆಗಳೆಲ್ಲ ಬಂಗಾರ ಅಂತ ನಾನು ಹೇಳುತ್ತಿಲ್ಲ. ಹೆಂಗಸರನ್ನು, ಕೆಲವು ಜಾತಿಯವರನ್ನು, ಅಂಗವಿಕಲರನ್ನು ಹೀಯಾಳಿಸುವ ಗಾದೆಗಳು ರಾಶಿ ಇವೆ. 'ಹುಚ್ಚು ಮುಂಡೆ ಮದುವೇಲಿ ಉಂಡವನೇ ಜಾಣ' ಅನ್ನುವುದನ್ನು ಇವತ್ತಿಗೂ ನಗುನಗುತ್ತಾ ಆಡುತ್ತೇವೆ. 'ಮುಂಡೆ' ಅಂದರೆ ಗಂಡ ಸತ್ತವಳು, ಬೈಗುಳವಾದ ಪದ. ಆ ಗಾದೆಗೆ ಇಂಗ್ಲಿಷಿನಲ್ಲಿ 'ಕಲಕಿದ ನೀರಿನಲ್ಲಿ ಮೀನು ಹಿಡಿಯುವುದು' ಅಂತ ಕೊಟ್ಟುಬಿಟ್ಟರೆ ಓದುಗನಿಗೆ ಬರೀ ಒಂದು ಚಾಲಾಕಿ ಕಾಣುತ್ತದೆ. ಆ ವಿಧವೆ ಎಲ್ಲಿ ಹೋದಳು? ಅವಳನ್ನು ಬೈದದ್ದು ಎಲ್ಲಿ ಹೋಯಿತು?

'ಗಂಡ ಹೆಂಡಿರ ಜಗಳ'ದ ಗಾದೆಯೂ ಅಷ್ಟೇ. ಇಂಗ್ಲಿಷಿನಲ್ಲಿ ಚಂದಕ್ಕೆ ತರಬಹುದು: 'ಮ್ಯಾನ್ ಅಂಡ್ ವೈಫ್ ಮೇ ಫೈಟ್, ಟಿಲ್ ಸಪ್ಪರ್ ಅಂಡ್ ಗುಡ್‌ನೈಟ್.' ಫೈಟಿಗೆ ನೈಟು, ಹಾಯಾಗಿದೆ. ಆದರೆ ಇದೇ ಗಾದೆಯನ್ನು ಹೇಳಿ ಹೊಡೆಸಿಕೊಂಡು ತವರಿಗೆ ಬಂದ ಹೆಣ್ಣುಮಕ್ಕಳನ್ನು ಹಿರಿಯರು ವಾಪಸ್ ಕಳಿಸಿದ್ದಿದೆ. ಕೌಟುಂಬಿಕ ದೌರ್ಜನ್ಯದ ವಿರುದ್ಧ 2005ರಲ್ಲಿ ಕಾನೂನು ಬಂದಮೇಲೂ ಪಂಚಾಯ್ತಿ ಮಾಡುವವರ ಬಾಯಲ್ಲಿ ಮೊದಲು ಬರುವುದು ಈ ಗಾದೆಯೇ. ಅನುವಾದ ಮಾಡುವವನು ಇದನ್ನು ಸಿಹಿ ಮಾಡಬಾರದು, ಬಿಟ್ಟುಬಿಡಲೂಬಾರದು. ಯಾರ ಬಾಯಲ್ಲಿ, ಯಾರ ಮುಂದೆ ಬಂತು ಅನ್ನುವುದು ಪಕ್ಕದ ವಾಕ್ಯದಲ್ಲಿ ಕಾಣಬೇಕು. ಸಿದ್ಧ ಸಮಾನಾರ್ಥಕಗಳು ನಮ್ಮ ಚೆಲುವನ್ನು ಅಳಿಸುವ ಹಾಗೆಯೇ ನಮ್ಮ ಕೊಳೆಯನ್ನೂ ಮುಚ್ಚಿಬಿಡುತ್ತವೆ. ಎರಡೂ ಮೋಸವೇ.

*

ಎದುರು ವಾದ ಇಲ್ಲದಿಲ್ಲ. ಆಸ್ಪತ್ರೆಯಲ್ಲಿ ಕನ್ನಡ ಬಾರದ ಡಾಕ್ಟರಿಗೆ ರೋಗಿಯ ಮಾತು ತಿಳಿಸುವಾಗ, ಕೋರ್ಟಿನಲ್ಲಿ ಸಾ‍ಕ್ಷಿಯ ಮಾತು ದಾಟಿಸುವಾಗ, ಗಾದೆಯ ಚಿತ್ರ ಹುಡುಕುತ್ತಾ ಕೂರಲು ಯಾರಿಗೂ ಪುರುಸೊತ್ತಿಲ್ಲ. ಅಲ್ಲಿ ಆಶಯ ತಿಳಿದರೆ ಸಾಕು, ಒಪ್ಪುತ್ತೇನೆ. ನನ್ನ ಜಗಳ ಪುಸ್ತಕ, ಸಿನಿಮಾದ ಸಬ್‌ಟೈಟಲ್, ಶಾಲೆ ಮತ್ತು ಮನೆಗೆ ಸಂಬಂಧಿಸಿದ್ದು. ಅಲ್ಲೆಲ್ಲ ಹುಡುಕಲು ಪುರುಸೊತ್ತಿದೆ. ಮನಸ್ಸಿಲ್ಲ ಅಷ್ಟೇ.

ಮೈಸೂರಿನವರಾದ ನಮಗೆ ಈ ವಿಷಯದಲ್ಲಿ ಒಂದು ಹೆಚ್ಚಿನ ಜವಾಬ್ದಾರಿಯೂ ಇದೆ ಅನ್ನುತ್ತೇನೆ. ಎ.ಕೆ. ರಾಮಾನುಜನ್ ಇದೇ ಊರಿನಲ್ಲಿ 1929ರಲ್ಲಿ ಹುಟ್ಟಿ, ಮಹಾರಾಜಾ ಕಾಲೇಜಿನಲ್ಲಿ ಓದಿದವರು. ವಚನಗಳು, ತಮಿಳಿನ ಸಂಗಂ ಪದ್ಯಗಳನ್ನು ಇಂಗ್ಲಿಷಿಗೆ ತಂದು ಜಗತ್ತಿಗೇ ಹೆಸರಾಗುವ ಮೊದಲೇ, 1955ರಲ್ಲಿ, ಕನ್ನಡ ಗಾದೆಗಳ ಬಗ್ಗೆ ಅವರ ಪುಸ್ತಕ ಧಾರವಾಡದಿಂದ ಬಂದಿತ್ತು. ಅವರು ತೀರಿಕೊಂಡ ಮೇಲೆ 1997ರಲ್ಲಿ ಬಂದ ಕನ್ನಡ ಜನಪದ ಕಥೆಗಳ ಇಂಗ್ಲಿಷ್ ಸಂಕಲನ ತೆಗೆದು ನೋಡಿ. ಹಿತ್ತಲು, ಅಡುಗೆಮನೆಯ ಕಥೆಗಳು ಅಲ್ಲಿ ಇಂಗ್ಲಿಷ್ ಮಾತಾಡುತ್ತವೆ, ಆದರೆ ಕೋಟು ಹಾಕಿಕೊಂಡಿಲ್ಲ. ಇನ್ನು 1969ರಿಂದ ಭಾರತೀಯ ಭಾಷಾ ಸಂಸ್ಥಾನ ಇರುವುದೂ ಇಲ್ಲೇ, ರಾಷ್ಟ್ರೀಯ ಅನುವಾದ ಮಿಷನ್ ಇರುವುದೂ ಅದರ ಅಂಗಳದಲ್ಲೇ. ಅನುವಾದದ ಬಗ್ಗೆ ಇಷ್ಟು ಮಾತಾಡುವ ಊರಿನಲ್ಲಿ ಮಕ್ಕಳ ಕೈಗೆ ಮಾತ್ರ ಅದೇ ಎಡಗಡೆ ಬಲಗಡೆ ಪಟ್ಟಿ.

ಈಚೆಗೆ ಒಂದು ಒಳ್ಳೆಯ ಸುದ್ದಿ ಆಯಿತಲ್ಲ. ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಗೆದ್ದಿತು. ದೀಪಾ ಅವರು ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಓರೆ ಅಕ್ಷರದಲ್ಲಿ ಹಾಕಲಿಲ್ಲ, ಅಡಿಟಿಪ್ಪಣಿ ಕೊಡಲಿಲ್ಲ. ಇಂಗ್ಲಿಷಿನಲ್ಲಿ ನಮ್ಮ ಮಾತಿನ ಧಾಟಿ ಕೇಳಿಸಲಿ ಅಂತ ಬಿಟ್ಟರು. ಓದುಗರು ಓಡಿಹೋಗಲಿಲ್ಲ, ಬಹುಮಾನ ಕೊಟ್ಟರು! ಇದನ್ನು ನೋಡಿದ ಮೇಲೂ 'ಇಂಗ್ಲಿಷಿನವರಿಗೆ ಅರ್ಥ ಆಗಲ್ಲ' ಅಂತ ಹೇಳಿ ನಮ್ಮ ಗಾದೆಗೆ ಅವರ ಕೋಟು ತೊಡಿಸುವುದಕ್ಕೆ ನೆಪ ಉಳಿದಿಲ್ಲ.

ಹಾಗಾಗಿ ಸ್ನೇಹಿತರೇ, ಒಂದು ಕೆಲಸ ಮಾಡೋಣ. ಮುಂದಿನ ಸಲ ನಿಮ್ಮ ಮಗುವೋ, ಪಕ್ಕದ ಮನೆಯ ಹಿಂದಿಯವರೋ, ಆಫೀಸಿನ ಗೆಳೆಯರೋ ಒಂದು ಗಾದೆಯ ಅರ್ಥ ಕೇಳಿದರೆ ಸಿದ್ಧ ಇಂಗ್ಲಿಷ್ ಗಾದೆಯನ್ನು ಬಾಯಿಗೆ ಬರಲು ಬಿಡಬೇಡಿ. ಒಂದು ಕ್ಷಣ ತಡೆಯಿರಿ. ಗಾದೆಯಲ್ಲಿ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ ಅಂತ ಮೊದಲು ಹೇಳಿ, ಆಮೇಲೆ ಇಂಗ್ಲಿಷಿನ ಒಂದು ಚಿಕ್ಕ ವಾಕ್ಯ ಕಟ್ಟಿ. ಕುಂಟಿದರೂ ಪರವಾಗಿಲ್ಲ.

ನನಗೆ ಇನ್ನೂ ಬಗ್ಗದೆ ಕೂತಿರುವ ಒಂದನ್ನು ನಿಮಗೇ ಬಿಡುತ್ತೇನೆ. ನಮ್ಮ ಮೈಸೂರು ಸೀಮೆಯದು: 'ಬಡವಾ, ನೀ ಮಡಗ್ದಂಗಿರು.' ಆ 'ಮಡಗು'ವಿನಲ್ಲಿ ಇಡುವುದೂ ಇದೆ, ಇಟ್ಟವನ ದರ್ಪವೂ ಇದೆ, ಇಡಿಸಿಕೊಂಡವನ ನಿಟ್ಟುಸಿರೂ ಇದೆ. ಮೂರು ಪರೀಕ್ಷೆ ಪಾಸಾಗುವ ಇಂಗ್ಲಿಷ್ ಯಾರಿಗಾದರೂ ಹೊಳೆದರೆ ದಯವಿಟ್ಟು ಬರೆದು ತಿಳಿಸಿ. ಕಾಫಿ ನನ್ನ ಲೆಕ್ಕದಲ್ಲಿ :-)